ಕೋಶ ಹೋಗದಿದ್ದರೂ ಅದರ ಚೀಲ ಹೋಗುತ್ತದೆ

ಹೃದಯಾಘಾತವಾದ ಇಲಿಯ ರಕ್ತನಾಳಕ್ಕೆ ಮನುಷ್ಯನ ಅಸ್ಥಿಮಜ್ಜೆಯ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ಚುಚ್ಚಿದರೆ ಅವು ಎಲ್ಲಿಗೆ ಹೋಗುತ್ತವೆ? ಹಾನಿಯಾದ ಹೃದಯಕ್ಕೆ ಹೋಗಿ, ಅಲ್ಲೇ ಕೂತು, ಹೊಸ ಸ್ನಾಯುವಾಗುತ್ತವೆ ಅಂತ ವಿಜ್ಞಾನಿಗಳೇ ಬಹಳ ಕಾಲ ನಂಬಿದ್ದರು. ಹುಡುಕಿ ನೋಡಿದರೆ ಬಹುಪಾಲು ಕೋಶಗಳು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲೇ ಸಿಕ್ಕಿಹಾಕಿಕೊಂಡಿದ್ದವು. ಆದರೂ ಹೃದಯ ಸುಧಾರಿಸಿತ್ತು! 2009ರಲ್ಲಿ ಅಮೆರಿಕದ ವಿಜ್ಞಾನಿ ಡಾರ್ವಿನ್ ಪ್ರೊಕಾಪ್ ಅವರ ತಂಡ ಇದನ್ನು ತೋರಿಸಿ, ಸಿಕ್ಕಿಬಿದ್ದ ಕೋಶಗಳು ಹೊರಬಿಡುವ ಟಿಎಸ್‌ಜಿ-6 ಎಂಬ ಪ್ರೋಟೀನ್‌ಗೆ ಇದರಲ್ಲಿ ದೊಡ್ಡ ಪಾಲಿದೆ ಎಂದಿತು.

ಅಂದರೆ ಕೋಶಕ್ಕಿಂತ ಕೋಶ ಹೊರಬಿಡುವ ಸಾಮಗ್ರಿಯೇ ಮುಖ್ಯ ಇರಬಹುದು, ಅಲ್ವಾ?

ಸಿಂಗಾಪುರದ ವಿಜ್ಞಾನಿ ಲಿಮ್ ಸಾಯ್ ಕಿಯಾಂಗ್ ಮತ್ತು ನೆದರ್‌ಲೆಂಡ್ಸ್‌ನ ಅವರ ಜೊತೆಗಾರರು ಇದನ್ನೇ ಹಿಡಿದು ಹೊರಟಿದ್ದರು. ಮೆಸೆಂಕೈಮಲ್ ಸ್ಟೆಮ್ ಸೆಲ್ (ಅಸ್ಥಿಮಜ್ಜೆಯಲ್ಲೂ ಸಿಗುವ ಒಂದು ಬಗೆ) ಬೆಳೆಸಿದ ದ್ರವದಿಂದ ಕೋಶಗಳನ್ನೆಲ್ಲ ತೆಗೆದುಹಾಕಿ, ಉಳಿದದ್ದನ್ನು ಹೃದಯಾಘಾತ ಮಾಡಿಸಿದ ಹಂದಿಗಳಿಗೆ ಕೊಟ್ಟರು. ಸತ್ತುಹೋಗುವ ಸ್ನಾಯುವಿನ ಪ್ರಮಾಣ ಕಡಿಮೆಯಾಯಿತು. ಆಮೇಲೆ ಅದೇ ದ್ರವವನ್ನು ಗಾತ್ರದ ಪ್ರಕಾರ ಸೋಸಿದರು. ಸಣ್ಣ ಅಣುಗಳ ಪಾಲಿನಿಂದ ಏನೂ ಆಗಲಿಲ್ಲ. 1000 ಕಿಲೋಡಾಲ್ಟನ್‌ಗಿಂತ (ಇದು ಅಣುಗಳ ತೂಕದ ಅಳತೆ) ದೊಡ್ಡದಾದ ಪಾಲು ಮಾತ್ರ ಕೆಲಸ ಮಾಡಿತು. ಬಿಡಿ ಪ್ರೋಟೀನ್ ಅಷ್ಟು ದೊಡ್ಡದಿರುವುದು ಅಪರೂಪ. ಅಲ್ಲಿ ಇದ್ದದ್ದು ಕೊಬ್ಬಿನ ಪದರದ ಪುಟ್ಟ ಚೀಲಗಳು. 2010ರಲ್ಲಿ ಆ ಚೀಲಗಳನ್ನೇ ಬೇರ್ಪಡಿಸಿ ಇಲಿಗಳಿಗೆ ಕೊಟ್ಟಾಗಲೂ ಹೃದಯಕ್ಕೆ ರಕ್ಷಣೆ ಸಿಕ್ಕಿತು. ನನಗೆ ಈ ಕ್ಷೇತ್ರದಲ್ಲಿ ಅತ್ಯಂತ ಇಷ್ಟವಾದ ಕೆಲಸ ಇದೇ, ಯಾಕೆಂದರೆ ಒಂದೊಂದನ್ನೇ ತೆಗೆದುಹಾಕುತ್ತಾ ಉತ್ತರ ಎಲ್ಲಿದೆ ಅಂತ ಹುಡುಕಿದ್ದು ಎಷ್ಟು ಸರಳ, ಎಷ್ಟು ಗಟ್ಟಿ!

ಈ ಚೀಲಗಳಿಗೆ ಒಟ್ಟಾಗಿ ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್ ಅಂತ ಹೆಸರು. ಅದರಲ್ಲಿ ಚಿಕ್ಕವು ಎಕ್ಸೋಸೋಮ್‌ಗಳು, ಸುಮಾರು 30ರಿಂದ 150 ನ್ಯಾನೋಮೀಟರ್. ಮಾಮೂಲಿ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. ಇವು ಮೊದಲು ಸಿಕ್ಕಿದ್ದು ಬಲಿಯುತ್ತಿರುವ ಕೆಂಪು ರಕ್ತಕಣಗಳಲ್ಲಿ. ಕೆನಡಾದ ರೋಸ್ ಜಾನ್‌ಸ್ಟೋನ್ ಕುರಿಯ ರಕ್ತದಲ್ಲಿ, ಅಮೆರಿಕದ ಫಿಲಿಪ್ ಸ್ಟಾಲ್ ತಂಡ ಇಲಿಯ ರಕ್ತದಲ್ಲಿ, 1983ರಲ್ಲಿ ಬೇರೆ ಬೇರೆಯಾಗಿ ಕಂಡರು. ಬಲಿತ ಕಣಕ್ಕೆ ಕಬ್ಬಿಣ ಹೀರುವ ಗ್ರಾಹಕಗಳು ಬೇಡ, ಅದಕ್ಕೇ ಚೀಲದಲ್ಲಿ ಕಟ್ಟಿ ಹೊರಗೆ ಹಾಕುತ್ತದೆ. ಹಾಗಾಗಿ ಇದು ಕೋಶದ ಕಸ ಅಂತ ತುಂಬಾ ವರ್ಷ ಹೆಚ್ಚಿನವರು ಗಮನ ಕೊಡಲೇ ಇಲ್ಲ.

ಆ ನೋಟ ಪೂರ್ತಿ ಬದಲಾಗಿದ್ದು 2007ರಲ್ಲಿ. ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಇಲಿಯ ಕೋಶದ ಎಕ್ಸೋಸೋಮ್‌ಗಳನ್ನು ಮನುಷ್ಯನ ಕೋಶಕ್ಕೆ ಸೇರಿಸಿದರೆ, ಮನುಷ್ಯನ ಕೋಶದೊಳಗೆ ಇಲಿಯ ಪ್ರೋಟೀನ್ ತಯಾರಾಗಿತ್ತು! ಚೀಲದಲ್ಲಿ ಆರ್‌ಎನ್‌ಎ, ಅಂದರೆ ಪ್ರೋಟೀನ್ ತಯಾರಿಸುವ ಸೂಚನೆ ಒಯ್ಯುವ ಅಣು, ಹೋಗಿತ್ತು, ಹೋದದ್ದು ಕೆಲಸವನ್ನೂ ಮಾಡಿತ್ತು. ಇಟಲಿಯ ಟುರಿನ್‌ನಲ್ಲಿ ಕಿಡ್ನಿ ಕೆಟ್ಟ ಇಲಿಗಳಿಗೆ ಸ್ಟೆಮ್ ಸೆಲ್‌ನ ಇಂಥ ಚೀಲ ಕೊಟ್ಟಾಗ ಕಿಡ್ನಿ ಚೇತರಿಸಿತು. ಮೊದಲೇ ಆರ್‌ಎನ್‌ಎ ನಾಶ ಮಾಡಿ ಕೊಟ್ಟರೆ ಆ ಗುಣ ಹೋಯಿತು.

ಚಿಕಿತ್ಸೆಗೆ ಇದರಿಂದ ಲಾಭ ದೊಡ್ಡದು. ಚೀಲ ಜೀವಂತ ಕೋಶವಲ್ಲ, ವಿಭಜನೆ ಆಗುವುದಿಲ್ಲ, ಆದ್ದರಿಂದ ಅದೇ ಬೆಳೆದು ಗಡ್ಡೆಯಾಗುವ ಭಯ ಇಲ್ಲ. ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಬೆಂಗಳೂರಿನಲ್ಲೇ ಅಭಿವೃದ್ಧಿಯಾದ ಸ್ಟೆಂಪ್ಯೂಸೆಲ್, ಕಾಲಿಗೆ ರಕ್ತ ಹರಿಯದ ಕಾಯಿಲೆಗೆ 2020ರಲ್ಲಿ ಒಪ್ಪಿಗೆ ಪಡೆದದ್ದು, ಜೀವಂತ ಕೋಶಗಳ ಔಷಧಿ. ಅಂಥದ್ದನ್ನು ಕೊಡುವ ಹೊತ್ತಿನವರೆಗೂ ಜೀವಂತ ಇಡಬೇಕು. ಚೀಲಕ್ಕೆ ಆ ಚಿಂತೆ ಇಲ್ಲ.

ಆದರೆ ತೊಡಕುಗಳೂ ಕಡಿಮೆಯಿಲ್ಲ. ರಕ್ತಕ್ಕೆ ಚುಚ್ಚಿದ ಚೀಲಗಳಲ್ಲಿ ಹೆಚ್ಚಿನವು ಬೇಗ ಯಕೃತ್ತು, ಗುಲ್ಮ ಸೇರುತ್ತವೆ. ಬ್ಯಾಚಿನಿಂದ ಬ್ಯಾಚಿಗೆ ಒಳಗಿನ ಸರಕು ಬೇರೆ. ಡೋಸ್ ಅಳೆಯುವುದು ಹೇಗೆ, ಚೀಲ ಎಣಿಸಿಯೋ, ಪ್ರೋಟೀನ್ ತೂಗಿಯೋ? ಒಂದು ನಿರ್ದಿಷ್ಟ ಮೈಕ್ರೋಆರ್‌ಎನ್‌ಎ (ಜೀನ್‌ಗಳ ಕೆಲಸ ನಿಯಂತ್ರಿಸುವ ಪುಟ್ಟ ಆರ್‌ಎನ್‌ಎ) ಲೆಕ್ಕ ಹಾಕಿದರೆ ಸರಾಸರಿ ಒಂದು ಚೀಲಕ್ಕೆ ಒಂದು ಪ್ರತಿಯೂ ಸಿಗುವುದಿಲ್ಲ ಅಂತ 2014ರ ಒಂದು ಅಧ್ಯಯನ ತೋರಿಸಿತು. ಹಾಗಿದ್ದರೆ ಅಷ್ಟು ಪರಿಣಾಮ ಎಲ್ಲಿಂದ ಬರುತ್ತದೆ ಅನ್ನುವುದು ಈಗಲೂ ಬಿಸಿಬಿಸಿ ಚರ್ಚೆ. ಅದೇ ವರ್ಷ ಜರ್ಮನಿಯ ಎಸೆನ್‌ನಲ್ಲಿ, ಅಸ್ಥಿಮಜ್ಜೆ ಕಸಿಯ ನಂತರ ಕಸಿಯ ಕೋಶಗಳೇ ದೇಹದ ಮೇಲೆ ದಾಳಿ ಮಾಡುತ್ತಿದ್ದ ಒಬ್ಬ ರೋಗಿಗೆ ಈ ಚೀಲಗಳನ್ನು ಕೊಟ್ಟ ವರದಿ ಬಂತು. ತೊಂದರೆ ತಗ್ಗಿತು, ಸ್ಟೀರಾಯ್ಡ್ ಇಳಿಸಲು ಆಯಿತು. ಆಸೆ ಹುಟ್ಟಿಸುವ ವಿಷಯ. ಆದರೆ ಒಬ್ಬರೇ ರೋಗಿ.

ಇಷ್ಟೆಲ್ಲ ಬಗೆಹರಿಯದೆ ಇರುವಾಗ ಕೂದಲಿಗೆ, ಮುಖದ ಹೊಳಪಿಗೆ, ಮಂಡಿ ನೋವಿಗೆ ಎಕ್ಸೋಸೋಮ್ ಇಂಜೆಕ್ಷನ್ ಅಂತ ಜಾಹೀರಾತು ಬರುವುದು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಇಂಥ ಚಿಕಿತ್ಸೆ ಪಡೆದ ಕೆಲವರಿಗೆ ಗಂಭೀರ ತೊಂದರೆ ಆದ ಮೇಲೆ, ತಾನು ಒಂದೂ ಎಕ್ಸೋಸೋಮ್ ಉತ್ಪನ್ನಕ್ಕೆ ಒಪ್ಪಿಗೆ ಕೊಟ್ಟಿಲ್ಲ ಅಂತ 2019ರ ಡಿಸೆಂಬರ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ನಿಮಗೋ ಮನೆಯವರಿಗೋ ಯಾರಾದರೂ ಇದನ್ನು ಸೂಚಿಸಿದರೆ ಸುಮ್ನೆ ಒಪ್ಪಬೇಡಿ: ಯಾವ ಕೋಶದಿಂದ ತೆಗೆದದ್ದು, ಸೋಂಕಿಗೆ ಪರೀಕ್ಷೆ ಆಗಿದೆಯಾ, ಯಾವ ಪ್ರಯೋಗದ ಭಾಗ ಅಂತ ಕೇಳಿ. ಪ್ರಯೋಗ ಅಂದರೆ ಸಿಟಿಆರ್‌ಐ (ಭಾರತದ ವೈದ್ಯಕೀಯ ಪ್ರಯೋಗಗಳ ಸರ್ಕಾರಿ ದಾಖಲೆ) ನೋಂದಣಿ ಸಂಖ್ಯೆ ಇರಲೇಬೇಕು. ಅದನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ, ದುಡ್ಡಿಲ್ಲದೆ ನೋಡಬಹುದು.