ಮತ್ತೆ ಹೂತಿಟ್ಟ ದೇವಿ

1790ರ ಆಗಸ್ಟ್ 13ರಂದು ಮೆಕ್ಸಿಕೋ ನಗರದ ದೊಡ್ಡ ಚೌಕದಲ್ಲಿ ನೆಲ ಅಗೆಯುತ್ತಿದ್ದವರಿಗೆ ಎರಡೂವರೆ ಮೀಟರಿನಷ್ಟು ಎತ್ತರದ ಕಲ್ಲಿನ ವಿಗ್ರಹವೊಂದು ಸಿಕ್ಕಿತು. ಹೆಣೆದುಕೊಂಡ ಹಾವುಗಳ ಲಂಗ, ಕೊರಳಲ್ಲಿ ಮನುಷ್ಯರ ಕೈ ಮತ್ತು ಹೃದಯಗಳ ಮಾಲೆ, ತಲೆಯ ಜಾಗದಲ್ಲಿ ಎದುರುಬದುರಾದ ಎರಡು ಸರ್ಪಗಳ ಮುಖ. ಅದು ಆಸ್ಟೆಕ್ ಜನರ ಮಾತೃದೇವತೆ ಕೋಟ್ಲಿಕ್ವೆ. ಪುರಾತನ ವಸ್ತುವೆಂದು ಅದನ್ನು ವಿಶ್ವವಿದ್ಯಾಲಯಕ್ಕೆ ಸಾಗಿಸಲಾಯಿತು. ಆದರೆ ಸ್ಥಳೀಯರು ಮೇಣದ ಬತ್ತಿ ಹಿಡಿದು ಬಂದು ಕೈಮುಗಿಯತೊಡಗಿದಾಗ ಕಳವಳಗೊಂಡ ವಿಶ್ವವಿದ್ಯಾಲಯದವರು ಅದನ್ನು ಅಲ್ಲೇ ಹೂಳಿಸಿಬಿಟ್ಟರು. 1803ರಲ್ಲಿ ಮೆಕ್ಸಿಕೋಗೆ ಬಂದ ಜರ್ಮನ್ ವಿದ್ವಾಂಸ ಹಂಬೋಲ್ಟ್ ನೋಡಲು ಬಯಸಿದ್ದರಿಂದ ಅಗೆದು ತೋರಿಸಿ, ಆತ ನೋಡಿದ ಮೇಲೆ ಪುನಃ ಮಣ್ಣು ಮುಚ್ಚಲಾಯಿತು.

ಸ್ಪೇನಿನ ದಂಡನಾಯಕ ಕೊರ್ಟೆಸ್ ಮತ್ತು ಆತನ ಸ್ಥಳೀಯ ಮಿತ್ರಪಡೆಗಳ ಕೈಗೆ, ಇಂದಿನ ಮೆಕ್ಸಿಕೋ ನಗರದ ಜಾಗದಲ್ಲೇ ಇದ್ದ ಆಸ್ಟೆಕ್ ರಾಜಧಾನಿ ಟೆನೊಚ್ಟಿಟ್ಲಾನ್ ಬಿದ್ದದ್ದು 1521ರಲ್ಲಿ, ಅದೂ ಆಗಸ್ಟ್ 13ರಂದೇ. ಅದಾಗಿ 269 ವರ್ಷ ಕಳೆದರೂ ಒಂದು ಕಲ್ಲಿಗೆ ಅಷ್ಟು ಅಂಜಬೇಕಾಗಿ ಬಂದದ್ದು ಏಕೆಂಬುದೇ ಇಲ್ಲಿನ ಪ್ರಶ್ನೆ.

ಸೋತ ನಗರದ ಮಹಾದೇಗುಲವನ್ನು ಕೆಡವಿ, ಅದರ ಕಲ್ಲುಗಳನ್ನೇ ಚರ್ಚಿನ ಕಟ್ಟಡಕ್ಕೆ ಬಳಸಿದರು. 1524ರಲ್ಲಿ ಫ್ರಾನ್ಸಿಸ್ಕನ್ ಪಂಥದ 12 ಮಂದಿ ಕ್ರೈಸ್ತ ಸನ್ಯಾಸಿಗಳು ಬಂದಿಳಿದ ಮೇಲೆ ಮತಾಂತರವು ವ್ಯವಸ್ಥಿತವಾಗಿ ನಡೆಯಿತು. ಇದರಲ್ಲೊಂದು ವಿಚಿತ್ರವಿದೆ. ರೋಗವನ್ನರಿಯದೆ ವೈದ್ಯನು ಮದ್ದು ಕೊಡಲಾರನೆಂದು ವಾದಿಸಿದ ಸನ್ಯಾಸಿ ಸಹಗುನ್, ಸ್ಥಳೀಯ ಹಿರಿಯರನ್ನು ಕೇಳಿ, ಆಸ್ಟೆಕ್ಕರೂ ಸೇರಿದ್ದ ನಹುವಾ ಜನಾಂಗದ ತನ್ನ ಶಿಷ್ಯರ ನೆರವಿನಿಂದ ಆ ಜನರ ದೇವರು, ಹಬ್ಬ, ಆಚರಣೆಗಳನ್ನೆಲ್ಲ ಅವರದೇ ನಹುವಾಟ್ಲ್ ಭಾಷೆಯಲ್ಲಿ 12 ಪುಸ್ತಕಗಳಾಗಿ ಬರೆಸಿದ. ಬೇರು ಕೀಳಲು ಮಾಡಿದ ಈ ಕೆಲಸವೇ ಬೇರಿನ ದಾಖಲೆಯಾಗಿ ಉಳಿಯಿತು. ಅಪಾಯವನ್ನು ಗ್ರಹಿಸಿದ ಸ್ಪೇನಿನ ದೊರೆ 1577ರಲ್ಲಿ ಆ ಬರಹಗಳನ್ನು ವಶಪಡಿಸಿಕೊಳ್ಳಲು ಆಜ್ಞಾಪಿಸಿದ.

ಸಹಗುನ್‌ಗೆ ಇದ್ದ ಇನ್ನೊಂದು ಕೊರಗು ಮೆಕ್ಸಿಕೋ ನಗರದ ಬಳಿಯ ಟೆಪೆಯಾಕ್ ಗುಡ್ಡದ್ದು. ಅಲ್ಲಿ ಹಿಂದೆ ಟೊನಾಂಟ್ಸಿನ್, ಅಂದರೆ 'ನಮ್ಮ ತಾಯಿ' ಎಂಬ ದೇವತೆಯ ಗುಡಿ ಇತ್ತು. ಅದೇ ಜಾಗದಲ್ಲಿ ಮೇರಿಯಮ್ಮನ ಒಂದು ರೂಪವಾದ ಗ್ವಾಡಲೂಪೆ ಮಾತೆ ನೆಲೆಗೊಂಡ ಬಳಿಕವೂ ಜನರು ಮೊದಲಿನಂತೆ ದೂರದೂರದಿಂದ ಬರುತ್ತಿದ್ದರು, ಅವಳನ್ನೂ ಟೊನಾಂಟ್ಸಿನ್ ಎಂದೇ ಕರೆಯುತ್ತಿದ್ದರು. ಊರ ಪಕ್ಕದಲ್ಲೇ ಮೇರಿಯಮ್ಮನ ಚರ್ಚುಗಳಿರುವಾಗ ಇಷ್ಟು ದೂರ ನಡೆದುಬರುವುದೇಕೆ ಎಂಬ ಅವನ ಅನುಮಾನ ಅಕಾರಣವಾದುದಲ್ಲ. ಆದರೆ ಅದನ್ನು ಬರೀ ಮುಸುಕು ಹಾಕಿದ ಹಳೆಯ ಪೂಜೆ ಎನ್ನಲೂ ಆಗದು. ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಆ ಭಕ್ತಿ ನಿಜವಾಗಿಯೂ ಹೊಸದೊಂದು ಧರ್ಮವೇ ಆಗಿತ್ತು.

ಅಡುಗೆಮನೆಯೂ ಈ ಬದಲಾವಣೆಯಿಂದ ಹೊರಗುಳಿಯಲಿಲ್ಲ. ಹಬ್ಬಗಳಲ್ಲಿ ದಂಟಿನ ಜಾತಿಯ ಕಾಳಿನ ಹಿಟ್ಟನ್ನು ಕತ್ತಾಳೆಯ ಸಿಹಿರಸದಲ್ಲಿ ಕಲಸಿ, ದೇವರ ಮೂರ್ತಿ ಮಾಡಿ, ಪೂಜೆಯ ನಂತರ ಮುರಿದು ಹಂಚಿ ತಿನ್ನುತ್ತಿದ್ದರು. ಇದು ಯೇಸುವಿನ ದೇಹವೆಂದು ನಂಬಿ ತಾವು ತಿನ್ನುವ ರೊಟ್ಟಿಯನ್ನೇ, ಅಂದರೆ ಪರಮಪ್ರಸಾದವನ್ನೇ ಅಣಕಿಸುವಂತೆ ಕಂಡದ್ದರಿಂದ ಪಾದ್ರಿಗಳು ಆ ಆಚರಣೆಯನ್ನು ಅಡಗಿಸಿದರು. ಮೂರ್ತಿ ಹೋಯಿತು, ಕಾಳು ಹೋಗಲಿಲ್ಲ. ಅದನ್ನು ಹುರಿದು ಸಿಹಿಪಾಕದಲ್ಲಿ ಕಟ್ಟಿದ ತಿಂಡಿಯನ್ನು ಇಂದಿಗೂ ಮೆಕ್ಸಿಕೋದ ಬೀದಿಗಳಲ್ಲಿ 'ಅಲೆಗ್ರಿಯಾ', ಎಂದರೆ 'ಆನಂದ' ಎಂಬ ಸ್ಪ್ಯಾನಿಷ್ ಹೆಸರಿನಲ್ಲಿ ಮಾರುತ್ತಾರೆ. ನಮ್ಮಲ್ಲಿ ಉಪವಾಸದ ದಿನ ತಿನ್ನುವ ರಾಜಗಿರಿ ಉಂಡೆಯೂ ಅದೇ ಕುಲದ ಕಾಳಿನದು.