ಬರೆಯುವುದು ಕೆರ್ಸ್ಟಿನ್, ಕರೆಯುವುದು ಶೆಷ್ಟಿನ್: ಹೀಗೇಕೆ?

ಪ್ರಶ್ನೆ: ನಮ್ಮ ಕಂಪನಿಯ ಸ್ವೀಡನ್ ಕಚೇರಿಯಲ್ಲಿ ಕೆರ್ಸ್ಟಿನ್ ಎಂಬ ಮೇಲಧಿಕಾರಿ ಇದ್ದಾರೆ. ಮೇಲ್‌ನಲ್ಲಿ ಓದಿದ ಹಾಗೆಯೇ ಅವರನ್ನು ಕರೆಯುತ್ತಿದ್ದೆ. ಅಲ್ಲಿನವರ ಬಾಯಲ್ಲಿ ಮಾತ್ರ ಅದು ‘ಶಷ್ಟಿನ್’ ಎಂದ ಹಾಗೆ ಕೇಳಿಸುತ್ತದೆ. ಜರ್ಮನಿಯ ಇನ್ನೊಬ್ಬ ಸಹೋದ್ಯೋಗಿಗೂ ಅದೇ ಹೆಸರು, ಅವರನ್ನು ಎಲ್ಲರೂ ‘ಕೆರ್ಸ್ಟೀನ್’ ಅನ್ನುತ್ತಾರೆ. ಯಾವುದು ಸರಿ? ಕನ್ನಡದಲ್ಲಿ ಬರೆಯುವಾಗ ಏನು ಮಾಡಬೇಕು?

ಉತ್ತರ: ಇಬ್ಬರ ಹೆಸರೂ ಅವರವರ ಮಟ್ಟಿಗೆ ಸರಿ. ಕಾಗುಣಿತ ಒಂದೇ ಆದರೂ ಹೆಸರು ಯಾವ ಭಾಷೆಯಲ್ಲಿ ಬೆಳೆದಿದೆಯೋ ಆ ಭಾಷೆಯ ಕಟ್ಟಳೆಯಂತೆ ನುಡಿಯುತ್ತದೆ. ನಿಮ್ಮ ಮೇಲಧಿಕಾರಿ ಶೆಷ್ಟಿನ್. ಜರ್ಮನ್ ಸಹೋದ್ಯೋಗಿ ಕೆರ್ಸ್ಟಿನ್ ಅಥವಾ ಕೆರ್ಸ್ಟೀನ್. ನಿಮಗೆ ‘ಶಷ್ಟಿನ್’ ಎಂದು ಕೇಳಿಸಿದ್ದೂ ಕಿವಿಯ ದೋಷವಲ್ಲ. ಸ್ವೀಡಿಷ್‌ನಲ್ಲಿ ‘ರ’ಕಾರಕ್ಕೆ ಮುಂಚೆ ಬರುವ ಎಕಾರ ಬಾಯಗಲಿಸಿ, ನಾವು ‘ಬ್ಯಾಂಕ್’ ಅನ್ನುವಾಗಿನ ಸ್ವರದ ಕಡೆಗೆ ವಾಲುತ್ತದೆ. ಅದನ್ನು ಮೊಟಕಾಗಿ ಹೇಳಿದಾಗ ಎ ಮತ್ತು ಅ ನಡುವೆ ಎಲ್ಲೋ ನಿಂತ ಹಾಗಿರುತ್ತದೆ.

ಇಂಗ್ಲಿಷ್ ಮಾತಾಡುವವರಿಗೆ ಈ ಹೆಸರು ನಿಜಕ್ಕೂ ತ್ರಾಸದ್ದು. ಕನ್ನಡಿಗರಿಗೆ ಹಾಗಲ್ಲ. ‘ಶಿಷ್ಟ’ ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿ ನೋಡಿ: ಮೊದಲು ತಾಲವ್ಯ ಶ, ಬಳಿಕ ಮೂರ್ಧನ್ಯ ಷ, ಅದರ ಕೆಳಗೆ ಟ. ಸ್ವೀಡಿಷ್ ಹೆಸರಿನಲ್ಲಿರುವುದೂ ಇವೇ ಮೂರು ವ್ಯಂಜನಗಳು, ಇದೇ ಸಾಲಿನಲ್ಲಿ. ದಿನದ ಮಾತಿನಲ್ಲಿ ಶ, ಷ ಎರಡನ್ನೂ ಒಂದೇ ಮಾಡಿಬಿಡುವವರಿಗೂ ಅಡ್ಡಿಯಿಲ್ಲ. ‘ಕಷ್ಟ’, ‘ಇಷ್ಟ’ ಅನ್ನುವಾಗ ಮುಂದಿನ ಟಕಾರಕ್ಕಾಗಿ ನಾಲಿಗೆ ತಾನಾಗಿಯೇ ಮೇಲೆ ಏರಿರುತ್ತದೆ. ಒಂದು ಸಣ್ಣ ತಿದ್ದುಪಡಿ ಬೇಕು: ಸ್ವೀಡಿಷರು ನಾಲಿಗೆಯನ್ನು ನಮ್ಮಷ್ಟು ಹಿಂದಕ್ಕೆ ಮಡಚುವುದಿಲ್ಲ, ತುದಿಯನ್ನು ಮೇಲಿನ ವಸಡಿನ ಹಿಂಬದಿಗೆ ತಾಗಿಸುತ್ತಾರೆ, ಅಷ್ಟೇ.

ಇನ್ನು ಕಾರಣಕ್ಕೆ ಬರೋಣ. ಈ ಹೆಸರಿನ ಒಳಗೆ ಎರಡು ಬೇರೆ ಬೇರೆ ನಿಯಮಗಳು ಕೆಲಸ ಮಾಡಿವೆ.

ಮೊದಲನೆಯದು ಕಕಾರ ಮೆತ್ತಗಾಗುವ ನಿಯಮ. ಸ್ವೀಡಿಷ್‌ನಲ್ಲಿ ಒತ್ತು ಬೀಳುವ ಅಕ್ಷರದ ಮೊದಲಿಗೆ ಕಕಾರ ಬಂದು, ಅದರ ಬೆನ್ನಿಗೆ ಎ, ಇ ತರಹದ, ಬಾಯಿಯ ಮುಂಭಾಗದಲ್ಲಿ ಹುಟ್ಟುವ ಸ್ವರ ಇದ್ದರೆ ಅದು ಶಕಾರವಾಗುತ್ತದೆ. ಲಿನ್‌ಶೋಪಿಂಗ್, ನಾರ್‌ಶೋಪಿಂಗ್ ಊರುಗಳ ಹೆಸರನ್ನು ಇಂಗ್ಲಿಷಿನಂತೆ ಓದಿ ‘ಕೋಪಿಂಗ್’ ಅನ್ನುವವರು ಎಡವುವುದು ಇಲ್ಲೇ. ಗಂಡಸರ ಹೆಸರು ‘ಶೆಲ್’ ಬರಹದಲ್ಲಿ ಕೆ ಮತ್ತು ಜೆ ಅಕ್ಷರಗಳಿಂದ ಶುರುವಾಗುವುದು ಇದೇ ಸಂತತಿ. ಈ ಶಕಾರ ಹೇಳುವಾಗ ತುಟಿಯನ್ನು ಮುಂದೆ ಚಾಚಬಾರದು, ತುಸು ನಕ್ಕ ಹಾಗೆ ಅಗಲವಾಗಿರಬೇಕು. ಸ್ವೀಡಿಷ್ ಕಲಿಯಲು ಶುರು ಮಾಡಿದವರು ‘ಏಳು’ ಎಂಬ ಅಂಕಿಯಲ್ಲಿ ಬರುವ, ಗಂಟಲ ಕಡೆಯಿಂದ ಊದಿದಂತಿರುವ ದನಿಯನ್ನು ಇಲ್ಲಿಗೂ ತಂದು ಹಾಕುವುದುಂಟು. ಅದು ಬೇರೆಯದೇ ವ್ಯಂಜನ.

ಅಪವಾದಗಳಿವೆ. ಉತ್ತರದ ಗಣಿ ಊರು ಕಿರುನಾ ಎಂಬ ಹೆಸರು ಅಲ್ಲಿನ ಮೂಲನಿವಾಸಿಗಳ ಸಾಮಿ ಭಾಷೆಯಿಂದ ಬಂದದ್ದು, ಅಲ್ಲಿ ಕ ಗಟ್ಟಿ. ಕಿಮ್, ಕೆನ್ನೆತ್, ಕೆಂಟ್ ಹೊರಗಿನಿಂದ ಬಂದ ಹೆಸರುಗಳು, ಅವೂ ಗಟ್ಟಿ. ಬೆಂಗಳೂರಿನ ನಾಗಸಂದ್ರದಲ್ಲಿ 2022ರಲ್ಲಿ ಮಳಿಗೆ ತೆರೆದ ಐಕಿಯಾವನ್ನು ಸ್ವೀಡಿಷರು ‘ಇಕೇಯ’ ಅನ್ನುತ್ತಾರೆ. ಸ್ಥಾಪಕನ ಹೆಸರು, ಅವನ ತೋಟದ ಮನೆ, ಊರು ಇವುಗಳ ಮೊದಲಕ್ಷರ ಪೋಣಿಸಿ ಮಾಡಿದ ಹೆಸರಾದ್ದರಿಂದ ನಿಯಮ ಅದಕ್ಕೆ ಅಂಟಲಿಲ್ಲ.

ಹಾಗಾದರೆ ಕ್ರಿಸ್ಟಿನಾ ಎಂಬ ಹೆಸರು ಸ್ವೀಡನ್ನಿನಲ್ಲೂ ಕ್ರಿಸ್ಟಿನಾ ಆಗಿಯೇ ಉಳಿದದ್ದು ಹೇಗೆ? ಅಲ್ಲಿ ಕಕಾರದ ಪಕ್ಕದಲ್ಲಿ ಇರುವುದು ರಕಾರ, ಸ್ವರವಲ್ಲ. ನಮ್ಮ ಶೆಷ್ಟಿನ್ ಮೂಲತಃ ಆ ಕ್ರಿಸ್ಟಿನಾಳ ಮಗಳೇ. ಲ್ಯಾಟಿನ್ನಿನ ಕ್ರಿಸ್ಟಿನಾ, ಅಂದರೆ ಕ್ರಿಸ್ತನ ಅನುಯಾಯಿ, ಜನರ ಬಾಯಲ್ಲಿ ಕ್ರಿಸ್ಟಿನ್ ಆಯಿತು. ಬಳಿಕ ರಕಾರವೂ ಸ್ವರವೂ ಜಾಗ ಬದಲಿಸಿಕೊಂಡು ಕಿರ್ಸ್ಟಿನ್, ಅದರಿಂದ ಕೆರ್ಸ್ಟಿನ್. ರ ಪಕ್ಕಕ್ಕೆ ಸರಿದದ್ದೇ ತಡ, ಕಕಾರ ನೇರವಾಗಿ ಸ್ವರದ ಮಗ್ಗುಲಿಗೆ ಬಿದ್ದು ಮೆತ್ತಗಾಯಿತು. ಹೀಗೆ ತಾಯಿಯಲ್ಲಿ ಗಟ್ಟಿಯಾಗಿರುವ ಅಕ್ಷರ ಮಗಳಲ್ಲಿ ಶಕಾರ.

ಎರಡನೆಯ ನಿಯಮ ನಮಗೆ ಹೆಚ್ಚು ಆಪ್ತ. ಸ್ಟಾಕ್‌ಹೋಮ್ ಸೇರಿದಂತೆ ಮಧ್ಯ ಮತ್ತು ಉತ್ತರ ಸ್ವೀಡನ್ನಿನಲ್ಲಿ ರಕಾರದ ಬಳಿಕ ಸ, ತ, ದ, ನ, ಲ ಬಂದರೆ ರ ಕರಗಿಹೋಗುತ್ತದೆ, ಉಳಿದ ವ್ಯಂಜನ ಮೂರ್ಧನ್ಯವಾಗುತ್ತದೆ. ಲಾರ್ಸ್ ಎಂದು ಬರೆದವನು ಲಾಷ್, ಕಾರ್ಲ್ ಎಂದು ಬರೆದವನು ಕಾಳ್. ಮಗು ಎಂಬರ್ಥದ ‘ಬಾರ್ನ್’ ಕೇಳಲು ಬಾಣ್. ಇಂಗ್ಲಿಷ್ ಪಠ್ಯಪುಸ್ತಕಗಳು ಇದನ್ನು ವಿವರಿಸಲು ಪುಟಗಟ್ಟಲೆ ಹೆಣಗುತ್ತವೆ, ನಮ್ಮ ವರ್ಣಮಾಲೆಯಲ್ಲಿ ಷ, ಟ, ಡ, ಣ, ಳ ಸಿದ್ಧವಾಗಿ ಕೂತಿವೆ. ಕೆರ್ಸ್ಟಿನ್‌ನಲ್ಲಿ ರಕಾರದ ಬಳಿಕ ಸ ಮತ್ತು ತ ಎರಡೂ ಇವೆ, ಎರಡೂ ಬದಲಾಗಿ ‘ಷ್ಟ’ ಆಗುತ್ತದೆ. ಕೊನೆಯ ನಕಾರ ಮಾತ್ರ ದಂತ್ಯವಾಗಿಯೇ ಇರುತ್ತದೆ, ನಡುವೆ ಇಕಾರ ಅಡ್ಡ ಬಂದಿದೆಯಲ್ಲ.

ಈಗ ಎಲ್ಲೆಲ್ಲಿ ಏನಾಗುತ್ತದೆ ನೋಡಿ. ದಕ್ಷಿಣದ ಸ್ಕೋನೆ ಸೀಮೆಯಲ್ಲಿ ರಕಾರವನ್ನು ಫ್ರೆಂಚರಂತೆ ಕಿರುನಾಲಿಗೆಯಲ್ಲಿ ಹೊರಡಿಸುತ್ತಾರೆ. ಅಂಥ ರ ಕರಗುವುದಿಲ್ಲ, ಮೂರ್ಧನ್ಯವೂ ಹುಟ್ಟುವುದಿಲ್ಲ. ಮಾಲ್ಮೋದಲ್ಲಿ ಹುಟ್ಟಿ ಬೆಳೆದವರು ತಮ್ಮ ಹೆಸರನ್ನು ಶೆರ್ಸ್ಟಿನ್ ಎಂದರೆ, ಗಂಟಲ ರಕಾರ ಸಮೇತ, ಅದೇ ಅವರ ಸರಿ. ಫಿನ್ಲೆಂಡಿನಲ್ಲಿ ಸ್ವೀಡಿಷ್ ಮಾತೃಭಾಷೆಯಾದವರಿದ್ದಾರೆ. ಅವರು ಮೆತ್ತನೆಯ ಕಕಾರವನ್ನು ಚಕಾರವಾಗಿಯೇ ಇಟ್ಟುಕೊಂಡಿದ್ದಾರೆ, ರಕಾರವನ್ನೂ ಬಿಡಿಸಿ ಹೇಳುತ್ತಾರೆ: ಚೆರ್ಸ್ಟಿನ್.

ನಾರ್ವೆಯಲ್ಲಿ ಇದೇ ಹೆಸರಿನ ಪ್ರಚಲಿತ ರೂಪಕ್ಕೆ ಕೊನೆಯ ನಕಾರವಿಲ್ಲ, ಮೊದಲಲ್ಲಿ ಕೆ ಜೊತೆ ಜೆ ಸೇರಿಸಿ ಬರೆಯುತ್ತಾರೆ. ಓಸ್ಲೊ ಕಡೆ ಅದರ ಬಾಲ ‘ಷ್ಟಿ’, ಸ್ವೀಡನ್ನಿನಂತೆಯೇ. ತಲೆ ಬೇರೆ: ಯ ಹೇಳುವ ಜಾಗದಲ್ಲಿ ನಾಲಿಗೆ ಇಟ್ಟು, ದನಿ ತೆಗೆಯದೆ ಬರಿ ಗಾಳಿ ಊದಿದರೆ ಬರುವ ವ್ಯಂಜನ. ಕನ್ನಡದಲ್ಲಿ ಹತ್ತಿರದ್ದು ‘ಹ್ಯ’, ಆದ್ದರಿಂದ ಹ್ಯಷ್ಟಿ. ನಾರ್ವೆಯ ಹೊಸ ತಲೆಮಾರಿನ ಅನೇಕರು ಈ ದನಿಯನ್ನು ಬಿಟ್ಟು ನೇರ ಶಷ್ಟಿ ಎನ್ನತೊಡಗಿದ್ದಾರೆ. ಹಳಬರಿಗೆ ಇದು ಸಿಟ್ಟಿನ ವಿಷಯ, ಏಕೆಂದರೆ ‘ಪ್ರಿಯ’ ಮತ್ತು ‘ಕೊಯ್ಯು’ ಎಂಬ ಎರಡು ಮಾತುಗಳು ಅವರ ಭಾಷೆಯಲ್ಲಿ ಈ ಒಂದು ದನಿಯಿಂದಲೇ ಬೇರೆಯಾಗುತ್ತವೆ. ಬರ್ಗೆನ್‌ನಲ್ಲಿ ಮತ್ತೆ ಗಂಟಲ ರಕಾರ, ಹಾಗಾಗಿ ಅಲ್ಲಿ ‘ರ್ಸ್ಟಿ’.

ಡೆನ್ಮಾರ್ಕಿನ ರೂಪ ಕಿರ್ಸ್ಟೆನ್. ಅಲ್ಲಿ ಕ ಗಟ್ಟಿ, ಉಸಿರು ಬೆರೆತದ್ದು. ರಕಾರ ಮಾತ್ರ ಸ್ವರವಾಗಿ ಇಳಿದು ‘ಕಿಅಸ್ಟನ್’ ಎಂದು ಕೇಳುತ್ತದೆ. ಎಸ್ಟೋನಿಯಾದಲ್ಲಿ ಕಕಾರ ಮೆತ್ತಗಾಗುವ ನಿಯಮವೇ ಇಲ್ಲ, ಬರೆದದ್ದೇ ಓದುವುದು. 2016ರಿಂದ 2021ರವರೆಗೆ ಅಲ್ಲಿ ಅಧ್ಯಕ್ಷೆಯಾಗಿದ್ದವರು ಕೆರ್ಸ್ಟಿ ಕಾಲ್ಯುಲೈಡ್, ಗಟ್ಟಿ ಕಕಾರದ ಕೆರ್ಸ್ಟಿ. ಜರ್ಮನಿಯ ವಿಚಾರ ನಿಮಗೆ ಗೊತ್ತೇ ಇದೆ. ನೈಋತ್ಯದ ಆಡುಮಾತಿನಲ್ಲಿ ಕೆರ್ಶ್ಟಿನ್ ಎಂದೂ ಕಿವಿಗೆ ಬಿದ್ದೀತು, ಅದು ಆ ಸೀಮೆಯ ವಾಡಿಕೆ.

ಕನ್ನಡಿಗರು ಸಾಮಾನ್ಯವಾಗಿ ಮಾಡುವ ತಪ್ಪುಗಳಲ್ಲಿ ಮೊದಲನೆಯದು ದೀರ್ಘ. ಸ್ವೀಡಿಷ್‌ನಲ್ಲಿ ಒತ್ತಿನ ಅಕ್ಷರದಲ್ಲಿ ಒಂದೋ ಸ್ವರ ಉದ್ದ, ಇಲ್ಲವೇ ವ್ಯಂಜನ ಉದ್ದ, ಎರಡೂ ಅಲ್ಲ. ಇಲ್ಲಿ ಉದ್ದವಾಗುವುದು ಷಕಾರ. ‘ಶೇಷ್ಟಿನ್’ ಅಂದರೆ ಕೂಡಲೇ ಪರಕೀಯವಾಗಿ ಕೇಳುತ್ತದೆ. ಶೆ ಚಿಕ್ಕದಾಗಿ ಮುಗಿಸಿ ಷಕಾರದ ಮೇಲೆ ಕ್ಷಣ ನಿಲ್ಲಿ. ‘ಶ್ರೇಷ್ಠ’ದ ರೂಢಿಯಿಂದ ಕೆಲವರು ಠಕಾರ ತರುತ್ತಾರೆ, ಮಹಾಪ್ರಾಣ ಇಲ್ಲಿ ಬೇಡವೇ ಬೇಡ. ಇನ್ನು ಕೆಲವರು ನಿಯಮವನ್ನು ಅರ್ಧ ಕಲಿತು ‘ಶೆರ್ಸ್ಟಿನ್’ ಎಂದು ರಕಾರ ಉರುಳಿಸುತ್ತಾರೆ. ಸ್ಟಾಕ್‌ಹೋಮಿನವರಿಗೆ ಅದು ಅರ್ಥವಾಗುತ್ತದೆ, ಓದಿಕೊಂಡು ಬಂದವರ ಮಾತು ಅನ್ನುವುದೂ ತಿಳಿಯುತ್ತದೆ. ಒತ್ತು ಯಾವಾಗಲೂ ಮೊದಲ ಅಕ್ಷರಕ್ಕೆ.

ಹಳೆಯ ದಾಖಲೆ ನೋಡುವವರಿಗೆ ಒಂದು ಮಾತು. ಸ್ವೀಡನ್ನಿನ ಚರ್ಚ್ ಪುಸ್ತಕಗಳಲ್ಲಿ ಒಬ್ಬಳೇ ಹೆಂಗಸು ಒಂದು ಪುಟದಲ್ಲಿ ಕೆರ್ಸ್ಟಿನ್, ಇನ್ನೊಂದರಲ್ಲಿ ಕ್ರಿಸ್ಟಿನಾ, ಮತ್ತೊಂದರಲ್ಲಿ ಸ್ಟೀನಾ ಆಗಿರುವುದು ಸಾಮಾನ್ಯ. ಪಾದ್ರಿಗೆ ಲ್ಯಾಟಿನ್ ರೂಪ ಗೌರವದ್ದು, ಮನೆಯವರಿಗೆ ಬಾಯಿಗೆ ಬಂದದ್ದು. ಮೊದಲಲ್ಲಿ ಕೆ ಬದಲು ಸಿ-ಎಚ್ ಹಾಕಿದ್ದೂ ಸಿಗುತ್ತದೆ. ಕಾಗುಣಿತ ಬೇರೆಯಾದ ಮಾತ್ರಕ್ಕೆ ಬೇರೆ ವ್ಯಕ್ತಿ ಎಂದು ತೀರ್ಮಾನಿಸಿದರೆ ವಂಶವೃಕ್ಷ ಅಲ್ಲೇ ತುಂಡಾಗುತ್ತದೆ. ಹುಟ್ಟಿದ ದಿನ, ಹಳ್ಳಿ, ತಂದೆಯ ಹೆಸರು ಹೊಂದುತ್ತವೆಯೇ ನೋಡಿ.

ಕನ್ನಡದಲ್ಲಿ ಬರೆಯುವಾಗ ದನಿಯನ್ನು ಅನುಸರಿಸುವುದೇ ಒಳ್ಳೆಯದು ಎಂಬುದು ನಮ್ಮ ನಿಲುವು. ನಮ್ಮ ಲಿಪಿಗೆ ಆ ದನಿ ಬರುವಾಗ ಇಂಗ್ಲಿಷಿನ ಕಾಗುಣಿತವನ್ನು ಲಿಪ್ಯಂತರ ಮಾಡಿ ಕೆಡಿಸುವುದೇಕೆ? 1921ರ ಚುನಾವಣೆಯಲ್ಲಿ ಸ್ವೀಡನ್ನಿನ ಸಂಸತ್ತಿಗೆ ಆಯ್ಕೆಯಾದ ಮೊದಲ ಐವರು ಮಹಿಳೆಯರಲ್ಲಿ ಒಬ್ಬರನ್ನು ಶೆಷ್ಟಿನ್ ಹೆಸೆಲ್‌ಗ್ರೇನ್ ಎಂದೇ ಬರೆಯಿರಿ. ಮೊದಲ ಸಲ ರೋಮನ್ ಲಿಪಿಯ ರೂಪವನ್ನೂ ಜೊತೆಗೆ ಕೊಟ್ಟರೆ ಹುಡುಕುವವರಿಗೆ ಅನುಕೂಲ. ವೀಸಾ, ಕರಾರುಪತ್ರದಂಥ ಕಡೆ ಪಾಸ್‌ಪೋರ್ಟಿನಲ್ಲಿರುವ ರೋಮನ್ ಕಾಗುಣಿತ ಒಂದಕ್ಷರವೂ ಕದಲಬಾರದು, ಅದು ಬೇರೆ ಮಾತು.

ಎದುರಿಗಿರುವವರು ಯಾವ ಸೀಮೆಯವರೋ ತಿಳಿಯದಿದ್ದರೆ ಕೇಳುವುದರಲ್ಲಿ ಸಂಕೋಚ ಬೇಡ: “ಹೂರ್ ಊತ್ತಾಲಸ್ ದಿತ್ ನಮ್ನ್?”, ನಿಮ್ಮ ಹೆಸರನ್ನು ಹೇಗೆ ಹೇಳುವುದು? ಸ್ವೀಡನ್ನಿನಲ್ಲಿ ಈ ಪ್ರಶ್ನೆ ಉಪಯುಕ್ತವಾಗಲು ಇನ್ನೊಂದು ಕಾರಣವಿದೆ. 1960ರ ದಶಕದ ಕೊನೆಯಿಂದ ಅಲ್ಲಿ ಪದವಿ, ಬಿರುದು ಹಿಡಿದು ಮಾತಾಡಿಸುವ ಪದ್ಧತಿ ಹೆಚ್ಚುಕಡಿಮೆ ಹೋಗಿಯೇಬಿಟ್ಟಿದೆ. ಮೇಡಂ ಎಂದು ಹೆಸರನ್ನು ತಪ್ಪಿಸಿಕೊಳ್ಳುವ ನಮ್ಮ ಉಪಾಯ ನಡೆಯುವುದಿಲ್ಲ. ಮೇಲಧಿಕಾರಿಯಾದರೂ ಮೀಟಿಂಗಿನಲ್ಲಿ “ಹೇಯ್, ಶೆಷ್ಟಿನ್” ಅನ್ನುವುದೇ ಸಭ್ಯತೆ.