ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ, ಫಾರ್ಮ್ಯಾಟ್ ಮಾಡಲೇಬೇಕಾ?

ಪ್ರಶ್ನೆ: ಮಗಳ ಪ್ರಾಜೆಕ್ಟ್ ಪ್ರಿಂಟ್ ಹಾಕಿಸಲು ಪೆನ್ ಡ್ರೈವ್ ಹಿಡಿದುಕೊಂಡು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಮನೆಗೆ ಬಂದು ಪಿಸಿಗೆ ಹಾಕಿದರೆ ಎಲ್ಲ ಫೋಲ್ಡರ್‌ಗಳ ಮೇಲೂ ಸಣ್ಣ ಬಾಣದ ಗುರುತು. ಒತ್ತಿದರೆ ಒಂದೊಂದು ಸಲ ತೆರೆಯುತ್ತದೆ, ಒಂದೊಂದು ಸಲ ಏನೂ ಆಗುವುದಿಲ್ಲ. ಈಗ ಬೇರೆ ಪೆನ್ ಡ್ರೈವ್ ಹಾಕಿದರೂ ಅದೇ ಕತೆ. ರಿಪೇರಿಯವರು ಪಿಸಿ, ಪೆನ್ ಡ್ರೈವ್ ಎರಡನ್ನೂ ಫಾರ್ಮ್ಯಾಟ್ ಮಾಡಬೇಕು ಅನ್ನುತ್ತಿದ್ದಾರೆ. ಮನೆಯವರ ಹಳೆಯ ಫೋಟೋಗಳೆಲ್ಲ ಆ ಪೆನ್ ಡ್ರೈವ್‌ನಲ್ಲೇ ಇವೆ. ಬೇರೆ ದಾರಿ ಇಲ್ವಾ?

ಉತ್ತರ: ಇದೆ. ಇದು ಪೆನ್ ಡ್ರೈವ್‌ನಿಂದ ಹರಡುವ ವೈರಸ್‌ನ ಕೆಲಸ. ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಪೆನ್ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಎಷ್ಟು ಜಾಗ ತುಂಬಿದೆ? 32 ಜಿಬಿಯಲ್ಲಿ 20 ಜಿಬಿ ತುಂಬಿದೆ ಎಂದು ತೋರಿಸುತ್ತಿದ್ದರೆ ನಿಮ್ಮ ಫೋಟೋಗಳು ಎಲ್ಲೂ ಹೋಗಿಲ್ಲ. ಬಾಣದ ಗುರುತಿರುವ ಶಾರ್ಟ್‌ಕಟ್ ಅನ್ನುವುದು ಬೇರೊಂದಕ್ಕೆ ದಾರಿ ತೋರಿಸುವ ಒಂದೆರಡು ಕೆಬಿಯ ಫೈಲ್ ಅಷ್ಟೇ. ತುಂಬಿರುವ ಜಾಗದಲ್ಲಿ ಕೂತಿರುವುದು ನಿಮ್ಮದೇ ಫೈಲ್‌ಗಳು. ವೈರಸ್ ಅವನ್ನು ಅಳಿಸಿಲ್ಲ, ಕಣ್ಣಿಗೆ ಕಾಣದ ಹಾಗೆ ಮಾಡಿದೆ.

ಇದಕ್ಕೊಂದು ಹಿನ್ನೆಲೆ ಇದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಆಟೋರನ್ ಎಂಬ ಸೌಲಭ್ಯ ಇತ್ತು. ಡ್ರೈವ್‌ನಲ್ಲಿರುವ ಒಂದು ಸಣ್ಣ ಫೈಲ್ ಹೇಳಿದ ಪ್ರೋಗ್ರಾಂ ಅನ್ನು ಕಂಪ್ಯೂಟರ್ ತಾನೇ ಓಡಿಸಿಬಿಡುತ್ತಿತ್ತು. 2008ರಲ್ಲಿ ಶುರುವಾಗಿ ಜಗತ್ತನ್ನೇ ಸುತ್ತಿದ ಕಾನ್‌ಫಿಕರ್ ಎಂಬ ವರ್ಮ್ (ತಾನಾಗಿ ಹರಡುವ ವೈರಸ್) ಪೆನ್ ಡ್ರೈವ್‌ಗಳ ಮೂಲಕ ಹರಡಲು ಇದನ್ನೂ ಬಳಸಿಕೊಂಡಿತ್ತು. ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟ್ ಪೆನ್ ಡ್ರೈವ್‌ಗಳಿಗೆ ಈ ಬಾಗಿಲು ಮುಚ್ಚಿತು. 2011ರಲ್ಲಿ ಎಕ್ಸ್‌ಪಿ, ವಿಸ್ಟಾಗಳಿಗೂ ಅಪ್‌ಡೇಟ್ ಕಳಿಸಿತು. ಆಮೇಲೆ ವೈರಸ್ ಬರೆಯುವವರು ಸುಮ್ನೆ ಕೂರಲಿಲ್ಲ. ತಾನಾಗಿ ಓಡಲು ಆಗದಿದ್ದರೆ ನಿಮ್ಮ ಕೈಯಿಂದಲೇ ಒತ್ತಿಸೋಣ ಎಂದುಕೊಂಡರು. ನಿಜವಾದ ಫೋಲ್ಡರ್ ಅಡಗಿಸಿ, ಅದರದೇ ಹೆಸರು, ಅದರದೇ ಚಿತ್ರ ಇರುವ ಶಾರ್ಟ್‌ಕಟ್ ಇಡುವುದು. ನೀವು ಒತ್ತಿದ ಕೂಡಲೇ ಅದು ಮೊದಲು ವೈರಸ್ಸನ್ನು ಓಡಿಸುತ್ತದೆ, ಆಮೇಲೆ ನಿಜವಾದ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಫೋಲ್ಡರ್ ತೆರೆದುಕೊಂಡಿತಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಕೆಟ್ಟವರಾದರೂ ಬುದ್ಧಿವಂತರೇ.

ಬೇರೆ ಪೆನ್ ಡ್ರೈವ್‌ಗೂ ಹೀಗೇ ಆಗುತ್ತಿದೆ ಎಂದಿರಿ. ಅಂದರೆ ವೈರಸ್ ಈಗ ಪಿಸಿಯೊಳಗೂ ಸೇರಿದೆ. ಸಾಮಾನ್ಯವಾಗಿ ಅದು ಆಪ್‌ಡೇಟಾ ಎಂಬ ಅಡಗಿದ ಫೋಲ್ಡರ್‌ನಲ್ಲಿ ತನ್ನ ಒಂದು ಪ್ರತಿ ಇಟ್ಟುಕೊಂಡು, ಪಿಸಿ ಆನ್ ಆದಾಗೆಲ್ಲ ತಾನೂ ಶುರುವಾಗುವಂತೆ ಸ್ಟಾರ್ಟಪ್ ಪಟ್ಟಿಗೆ ಸೇರಿಕೊಂಡಿರುತ್ತದೆ. ಯಾವ ಡ್ರೈವ್ ಸಿಕ್ಕಿಸಿದರೂ ಕೆಲವೇ ಕ್ಷಣದಲ್ಲಿ ಅದಕ್ಕೂ ಅಂಟಿಸುತ್ತದೆ. ಜಾಸ್ತಿ ಜನ ಎಡವುವುದು ಇಲ್ಲೇ. ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡುತ್ತಾರೆ, ಅದೇ ಪಿಸಿಗೆ ಮತ್ತೆ ಹಾಕುತ್ತಾರೆ. ವೈರಸ್ ವಾಪಸ್ ಬರುತ್ತದೆ, ಫೋಟೋ ಮಾತ್ರ ಬರುವುದಿಲ್ಲ. ಆದ್ದರಿಂದ ಮೊದಲು ಪಿಸಿ, ಆಮೇಲೆ ಪೆನ್ ಡ್ರೈವ್.

ಎಲ್ಲ ಪೆನ್ ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್ ತೆಗೆದಿಡಿ. ವಿಂಡೋಸ್ 10 ಅಥವಾ 11 ಇದ್ದರೆ ದುಡ್ಡು ಕೊಟ್ಟು ಆಂಟಿವೈರಸ್ ಕೊಳ್ಳುವ ಅಗತ್ಯ ಇಲ್ಲ. ಜೊತೆಗೇ ಬಂದಿರುವ ಡಿಫೆಂಡರ್ ಈ ಕೆಲಸಕ್ಕೆ ಸಾಕು. ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ಹುಡುಕಿ ತೆರೆಯಿರಿ, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್‌ಗೆ ಹೋಗಿ, ಮೊದಲು ಅಪ್‌ಡೇಟ್ ಮಾಡಿಕೊಳ್ಳಿ. ನಂತರ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ತೆರೆದಿಟ್ಟ ಕೆಲಸ ಸೇವ್ ಮಾಡಿರಿ, ಏಕೆಂದರೆ ಪಿಸಿ ರೀಸ್ಟಾರ್ಟ್ ಆಗುತ್ತದೆ. ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಈ ಸ್ಕ್ಯಾನ್ ನಡೆಯುತ್ತದೆ. ವೈರಸ್ ಇನ್ನೂ ಓಡುತ್ತಿರುವುದಿಲ್ಲ, ಹಾಗಾಗಿ ತಪ್ಪಿಸಿಕೊಳ್ಳುವುದು ಕಷ್ಟ. ಸುಮಾರು 15 ನಿಮಿಷ ಸಾಕು. ಅದು ಮುಗಿದ ಮೇಲೆ ಒಮ್ಮೆ ಫುಲ್ ಸ್ಕ್ಯಾನ್ ಹಾಕಿ. ಹಳೆಯ ಹಾರ್ಡ್ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ.

ಬೆಳಿಗ್ಗೆ ಎರಡು ಕಡೆ ಕಣ್ಣಾಡಿಸಿ. ಒಂದು, ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಭಾಗ. ಅರ್ಥವಿಲ್ಲದ ಅಕ್ಷರಗಳ ಹೆಸರು, ಅಥವಾ ಕೊನೆಯಲ್ಲಿ ವಿಬಿಎಸ್ (.vbs) ಎಂದಿರುವ ಸ್ಕ್ರಿಪ್ಟ್ ಫೈಲ್ ಕಂಡರೆ ಡಿಸೇಬಲ್ ಮಾಡಿ. ಇನ್ನೊಂದು, ಡಿಫೆಂಡರ್‌ನ ಎಕ್ಸ್‌ಕ್ಲೂಷನ್ಸ್ ಪಟ್ಟಿ. ಇಲ್ಲಿ ಬರೆದ ಜಾಗಗಳನ್ನು ಡಿಫೆಂಡರ್ ನೋಡುವುದೇ ಇಲ್ಲ. ಕೆಲವು ವೈರಸ್‌ಗಳು ತಮ್ಮ ವಿಳಾಸವನ್ನು ಮೊದಲು ಇಲ್ಲೇ ಬರೆದುಕೊಳ್ಳುತ್ತವೆ. ನೀವು ಹಾಕದೇ ಇದ್ದದ್ದು ಅಲ್ಲಿದ್ದರೆ ತೆಗೆದುಹಾಕಿ, ಮತ್ತೊಮ್ಮೆ ಸ್ಕ್ಯಾನ್ ಮಾಡಿ.

ಈಗ ಪೆನ್ ಡ್ರೈವ್ ಹಾಕಿ. ಬಾಣದ ಗುರುತಿರುವ ಯಾವುದನ್ನೂ ಒತ್ತಬೇಡಿ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿಸಿ. ಆಮೇಲೆ ಫೈಲ್ ಎಕ್ಸ್‌ಪ್ಲೋರರ್‌ನ ಆಪ್ಷನ್ಸ್ ತೆರೆದು, ವ್ಯೂ ಎಂಬ ಭಾಗದಲ್ಲಿ ಹಿಡನ್ ಫೈಲ್‌ಗಳನ್ನು ತೋರಿಸು ಎಂದು ಆರಿಸಿ. ಇಷ್ಟೇ ಮಾಡಿದರೆ ಏನೂ ಕಾಣದಿರಬಹುದು. ವೈರಸ್ ನಿಮ್ಮ ಫೋಲ್ಡರ್‌ಗಳಿಗೆ ಹಿಡನ್ ಜೊತೆಗೆ ಸಿಸ್ಟಂ ಎಂಬ ಗುರುತನ್ನೂ ಹಾಕಿರುತ್ತದೆ. ಅದಕ್ಕೇ ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್ ಎಂಬ ಸಾಲಿನ ಟಿಕ್ಕನ್ನೂ ತೆಗೆಯಬೇಕು. ಎಚ್ಚರಿಕೆ ಬರುತ್ತದೆ, ಎಸ್ ಎನ್ನಿ. ಈಗ ಮಸುಕಾದ ಬಣ್ಣದಲ್ಲಿ ನಿಮ್ಮ ಫೋಲ್ಡರ್‌ಗಳು ಕಾಣುತ್ತವೆ. ಕೆಲವು ಸಲ ಹೆಸರೇ ಇಲ್ಲದ ಒಂದು ಫೋಲ್ಡರ್ ಇರುತ್ತದೆ, ವೈರಸ್ ಎಲ್ಲವನ್ನೂ ಅದರೊಳಗೆ ತುರುಕಿರುತ್ತದೆ. ಅದನ್ನೂ ತೆರೆದು ನೋಡಿ.

ಪಿಸಿಯಲ್ಲಿ ಒಂದು ಹೊಸ ಫೋಲ್ಡರ್ ಮಾಡಿ, ಮಸುಕಾದ ಫೋಲ್ಡರ್‌ಗಳ ಒಳಗಿರುವ ಫೋಟೋ, ಪಿಡಿಎಫ್, ವಿಡಿಯೋಗಳನ್ನು ಅಲ್ಲಿಗೆ ಕಾಪಿ ಮಾಡಿ. ಶಾರ್ಟ್‌ಕಟ್, ವಿಬಿಎಸ್, ಇಎಕ್ಸ್‌ಇ (.exe, ಪ್ರೋಗ್ರಾಂ ಫೈಲ್) ಯಾವುದನ್ನೂ ತರಬೇಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಆಟ್ರಿಬ್ ಎಂಬ ಆದೇಶ ಕೊಟ್ಟು ಹಿಡನ್ ಗುರುತು ತೆಗೆಯುವ ವಿಧಾನ ಎಲ್ಲ ಕಡೆ ಹೇಳುತ್ತಾರೆ. ತಪ್ಪಲ್ಲ, ಆದರೆ ಅದು ಗುರುತನ್ನು ತೆಗೆಯುತ್ತದೆ, ವೈರಸ್ಸನ್ನಲ್ಲ. ಕಾಪಿ ಮಾಡಿದ್ದನ್ನು ನಾಲ್ಕಾರು ಕಡೆ ತೆರೆದು ನೋಡಿ. ಸರಿ ಇದ್ದರೆ ಈಗ ಪೆನ್ ಡ್ರೈವನ್ನು ಧೈರ್ಯವಾಗಿ ಫಾರ್ಮ್ಯಾಟ್ ಮಾಡಿ. ನಿಮ್ಮ ಎರಡನೇ ಪೆನ್ ಡ್ರೈವ್‌ಗೂ ಇದೇ ಉಪಚಾರ. ಕೊನೆಗೆ ತೆಗೆದ ಟಿಕ್ಕನ್ನು ವಾಪಸ್ ಹಾಕಿ, ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಬೇಡದ ಫೈಲ್ ಅಂದುಕೊಂಡು ವಿಂಡೋಸ್‌ನದೇ ಫೈಲ್ ಅಳಿಸಿಬಿಡಬಹುದು.

ಹಾಗಾದರೆ ಪಿಸಿಯನ್ನು ಫಾರ್ಮ್ಯಾಟ್ ಮಾಡಬೇಕಾದ ಸಂದರ್ಭ ಇಲ್ಲವೇ ಇಲ್ಲ ಅಂತಲ್ಲ. ಡಿಫೆಂಡರ್ ತೆರೆಯುವುದೇ ಇಲ್ಲ, ಆನ್ ಮಾಡಿದರೂ ತಾನಾಗಿ ಆಫ್ ಆಗುತ್ತದೆ, ಎರಡು ಸಲ ತೆಗೆದರೂ ವೈರಸ್ ವಾಪಸ್ ಬರುತ್ತದೆ ಎಂದಾದರೆ ಮಾಡಿಬಿಡಿ. ಫೋಟೋಗಳನ್ನು ಹೊರಗೆ ತೆಗೆದಿಟ್ಟುಕೊಂಡು, ಸೆಟ್ಟಿಂಗ್ಸ್‌ನ ರಿಕವರಿಯಲ್ಲಿರುವ ರೀಸೆಟ್ ದಿಸ್ ಪಿಸಿ ಬಳಸಿ. ಅಂಗಡಿಯಲ್ಲೇ ಮಾಡಿಸುವುದಾದರೆ ಯಾವ ವಿಂಡೋಸ್ ಹಾಕುತ್ತೀರಿ ಎಂದು ಕೇಳಿ. ಲೈಸೆನ್ಸ್ ಇಲ್ಲದ ಪ್ರತಿ ಹಾಕಿ, ಅದನ್ನು ಅಸಲಿಯಂತೆ ತೋರಿಸುವ ಆಕ್ಟಿವೇಟರ್ ಓಡಿಸಲು ಡಿಫೆಂಡರನ್ನೇ ಆಫ್ ಮಾಡಿ ಕಳಿಸುವವರೂ ಇದ್ದಾರೆ. ಆ ಆಕ್ಟಿವೇಟರ್‌ನಲ್ಲೇ ವೈರಸ್ ಇರಬಹುದು. ಅದಕ್ಕಿಂತ ಈಗಿನ ಶಾರ್ಟ್‌ಕಟ್ ಕಾಟವೇ ವಾಸಿ, ಅಲ್ವಾ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪಿಸಿಗೆ ಶಕ್ತಿ ಇದ್ದರೆ ಈ ನೆಪದಲ್ಲಿ 11ಕ್ಕೆ ಹೋಗಿ.

ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಸೇವ್ ಮಾಡಿಟ್ಟಿದ್ದರೆ ಮೇಲ್ ಮತ್ತು ಬ್ಯಾಂಕಿನದ್ದನ್ನು ಬದಲಿಸಿ. ಈ ಪಿಸಿಯಿಂದಲ್ಲ, ಫೋನಿನಿಂದ. ಖಾತೆಯಿಂದ ಹಣ ಹೋದದ್ದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ಫೈಲ್‌ಗಳು ತೆರೆಯದೆ, ಹೆಸರಿನ ಕೊನೆಗೆ ಹೊಸ ಅಕ್ಷರಗಳು ಅಂಟಿಕೊಂಡು, ದುಡ್ಡು ಕೇಳುವ ಚೀಟಿ ಕಂಡರೆ ಅದು ಬೇರೆಯೇ ರೋಗ, ರ‍್ಯಾನ್ಸಮ್‌ವೇರ್. ಆಗ ಮೇಲೆ ಹೇಳಿದ ದಾರಿಯಿಂದ ಫೈಲ್ ವಾಪಸ್ ಬರುವುದಿಲ್ಲ.

ಜೆರಾಕ್ಸ್ ಅಂಗಡಿಗೆ ಹೋಗದೆ ಆಗುವುದಿಲ್ಲ. ಆ ಅಂಗಡಿಯ ಕಂಪ್ಯೂಟರ್‌ಗೆ ದಿನವಿಡೀ ಊರಿನ ಪೆನ್ ಡ್ರೈವ್‌ಗಳೆಲ್ಲ ಬಂದು ಹೋಗುತ್ತವೆ. ಅವರನ್ನು ಬೈದು ಪ್ರಯೋಜನ ಇಲ್ಲ. ಪ್ರಿಂಟಿಗೆಂದೇ ಒಂದು ಹಳೆಯ ಪೆನ್ ಡ್ರೈವ್ ಇಟ್ಟುಕೊಳ್ಳಿ, ಬೇಕಾದ ಪಿಡಿಎಫ್ ಬಿಟ್ಟು ಬೇರೇನೂ ಅದರಲ್ಲಿ ಇರಬಾರದು. ಮನೆಗೆ ಬಂದಮೇಲೆ ಒಳಗೇನಿದೆ ಎಂದು ತೆರೆದು ನೋಡದೆ ಫಾರ್ಮ್ಯಾಟ್ ಮಾಡಿ. ಅಥವಾ ಅಂಗಡಿಯವರ ಮೇಲ್‌ಗೆ ಕಳಿಸಿ. ಆಧಾರ್, ಅಂಕಪಟ್ಟಿ ಥರದ್ದಾದರೆ ಪ್ರಿಂಟ್ ಬಂದ ಮೇಲೆ ಅವರ ಡೌನ್‌ಲೋಡ್ಸ್ ಫೋಲ್ಡರ್‌ನಿಂದಲೂ ರೀಸೈಕಲ್ ಬಿನ್‌ನಿಂದಲೂ ಎದುರಿಗೇ ಅಳಿಸಿ ಬನ್ನಿ.